ಅಜ್ಜಿಯ ಲಗ್ನ ಯಾವ ಪುಸ್ತಕದಾಗ ಐತಿ?

1/9

ನಿಮ್ಮ ಅಜ್ಜಿಗೆ ಒಮ್ಮೆ ಕೇಳಿ ನೋಡ್ರಿ: "ಅಜ್ಜಿ, ನಿನ್ನ ಲಗ್ನ ಯಾವ ತಾರೀಖಿಗೆ ಆತು?" ತಾರೀಖು ಬರೋದಿಲ್ಲ. "ದೊಡ್ಡ ಬರ ಬಿತ್ತಲ್ಲ, ಅದರ ಹಿಂದಿನ ವರ್ಷ" ಅಂತಾರೆ. ಇಲ್ಲಾಂದ್ರ "ನಿಮ್ಮ ಸೋದರತ್ತಿ ಹುಟ್ಟೋಕಿಂತ ಮೂರು ವರ್ಷ ಮೊದಲು". ಹಂದರ ಹಾಕಿದ್ದು, ಅರಿಷಿಣ ಹಚ್ಚಿದ್ದು, ಯಾರು ಸಿಟ್ಟು ಮಾಡಿಕೊಂಡು ಊಟ ಬಿಟ್ಟು ಹೋದರು ಅನ್ನೋದು ಸುದ್ದಾ ನೆನಪೈತಿ. ಕಾಗದ ಮಾತ್ರ ಇಲ್ಲ.

ಕಾಗದ ಇಲ್ಲದಿದ್ದರೆ ಏನಾತು, ಅರವತ್ತು ವರ್ಷ ಸಂಸಾರ ಮಾಡಿಲ್ಲೇನು ಅಂತ ನೀವು ಕೇಳಬಹುದು. ಅಜ್ಜ ಇರೋತನಕ ಏನೂ ಆಗೋದಿಲ್ಲ. ಅಜ್ಜ ತೀರಿಕೊಂಡ ಮೇಲೆ ಹೊಲದ ವಾರಸಾ ಮಾಡಿಸಬೇಕು, ವಿಧವಾ ವೇತನಕ್ಕೆ ಅರ್ಜಿ ಹಾಕಬೇಕು, ಬ್ಯಾಂಕಿನಲ್ಲಿದ್ದ ನಾಲ್ಕು ದುಡ್ಡು ಬಿಡಿಸಿಕೊಳ್ಳಬೇಕು. ಆಗ ಕಿಟಕಿ ಕಿಟಕಿಗೂ ಒಂದೇ ಪ್ರಶ್ನೆ: "ನೀವು ಅವರ ಹೆಂಡತಿ ಅನ್ನೋದಕ್ಕ ದಾಖಲೆ ಏನೈತಿ?"

ಹಂಗಾಗಿ ಈ ಸಲದ ಸರಣಿ ಕೋಟೆ, ಗುಡಿ ಬಿಟ್ಟು ಮದುವೆ ದಾಖಲೆಗಳ ಮೇಲೆ. ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಒಂದು ಮದುವೆಯ ಗುರುತು ಎಲ್ಲೆಲ್ಲಿ ಉಳಿದಿರುತ್ತದೆ, ಎಷ್ಟೋ ಮದುವೆಗಳದ್ದು ಯಾಕೆ ಉಳಿದಿಲ್ಲ, ಹುಡುಕೋದು ಹೆಂಗ. ಪ್ರಾಜೆಕ್ಟಿಗೂ ಆಗ್ತದ, ಮನಿಗೂ ಆಗ್ತದ. ಉದ್ದ ಐತಿ, ಸೇವ್ ಮಾಡಿ ಇಟ್ಟುಕೊಳ್ರಿ.

2/9

ಮೊದಲು ನಕಾಶೆ. ಹಳೇ ದಾಖಲೆ ಹುಡುಕೋರು ಮೊಟ್ಟಮೊದಲು ಕೇಳಬೇಕಾದ್ದು "ಯಾವ ಕಚೇರಿ" ಅಂತಲ್ಲ. ಮದುವೆಯಾದ ವರ್ಷ ಆ ಊರು ಯಾರ ಕೈಯಾಗಿತ್ತು ಅಂತ.

ಗದಗ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕಿಂತ ಮೊದಲು ನಾವೆಲ್ಲ ಧಾರವಾಡ ಜಿಲ್ಲೆಯವರು. ಗಜೇಂದ್ರಗಡ ತಾಲ್ಲೂಕಾಗಿದ್ದು ಇನ್ನೂ ಈಚೆಗೆ, 2018ರ ಹೊತ್ತಿಗೆ; ಅಲ್ಲೀತನಕ ಅದು ರೋಣ ತಾಲ್ಲೂಕಿನ ಊರು. ಬ್ರಿಟಿಷರ ಕಾಲದಲ್ಲಿ ನರಗುಂದ ನವಲಗುಂದ ತಾಲ್ಲೂಕಿನೊಳಗಿತ್ತು. 1956ರ ನವೆಂಬರ್ 1ಕ್ಕಿಂತ ಹಿಂದೆ ಸರಿದರೆ ಮುಂಬೈ ರಾಜ್ಯ, ಇನ್ನೂ ಹಿಂದೆ ಮುಂಬೈ ಪ್ರೆಸಿಡೆನ್ಸಿ.

ಇಷ್ಟೇ ಆಗಿದ್ದರೆ ಸರಳ ಇತ್ತು. ಆದರೆ ನಮ್ಮ ಬೀಗರು ಎಲ್ಲಿಯವರು ನೋಡ್ರಿ. ಗಜೇಂದ್ರಗಡದ ಪೂರ್ವಕ್ಕೆ ಕುಷ್ಟಗಿ, ಯಲಬುರ್ಗಾ. 1948ರ ಸೆಪ್ಟೆಂಬರ್ ತನಕ ಅದು ಹೈದರಾಬಾದ್ ನಿಜಾಮನ ರಾಜ್ಯ. ನರಗುಂದದಿಂದ ಉತ್ತರಕ್ಕೆ ಹೋದರೆ ರಾಮದುರ್ಗ. 1948ರ ತನಕ ಅದೊಂದು ಬೇರೆ ಸಂಸ್ಥಾನ. ಈ ಕಡೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಹೆಣ್ಣು ಕೊಡೋರು, ತರೋರು ಈ ಗಡಿ ಯಾವುದನ್ನೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಕುಷ್ಟಗಿ ಹುಡುಗಿ, ಗಜೇಂದ್ರಗಡದ ಹುಡುಗ, 1940ರ ಮದುವೆ ಅಂದ್ರ ಎರಡು ಸರ್ಕಾರ, ಎರಡು ಕಾನೂನು. ಕುಷ್ಟಗಿ ಕಡೆ ಕಚೇರಿ ಕಾಗದ ಸಿಕ್ಕರೂ ಅದು ಉರ್ದುವಿನಾಗ ಇರಬಹುದು. ನಮ್ಮ ಕಡೆ ಹಳೇ ಕುಲಕರ್ಣಿ ದಫ್ತರಗಳು ಮರಾಠಿ ಭಾಷೆ, ಮೋಡಿ ಲಿಪಿ. ಕನ್ನಡದ ಮನೆಯ ಮದುವೆ, ಕನ್ನಡದಲ್ಲಿ ಬರೆದಿರೋದಿಲ್ಲ!

ಆದ್ದರಿಂದ ಹುಡುಕೋದಕ್ಕಿಂತ ಮೊದಲು ಒಂದು ಹಾಳೆ ತಗೊಂಡು ಎರಡೂ ಕಡೆಯ ಊರು, ಆಗಿನ ತಾಲ್ಲೂಕು, ಆಗಿನ ಜಿಲ್ಲೆ ಬರ್ಕೊಳ್ರಿ. ಇವತ್ತಿನ ವಿಳಾಸ ಹಿಡಿದು ಹೋದರೆ ಅರ್ಧ ದಿನ ಹಾಳು.

3/9

ಸೂಡಿಯ ಜೋಡುಕಳಸದ ಗುಡಿ ನೋಡಿದವರಿಗೆ ಅಕ್ಕಾದೇವಿ ಹೆಸರು ಗೊತ್ತಿರುತ್ತದೆ. ಹನ್ನೊಂದನೇ ಶತಮಾನದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದ ಚಾಲುಕ್ಯ ರಾಜಕುಮಾರಿ, ಇಮ್ಮಡಿ ಜಯಸಿಂಹನ ಅಕ್ಕ. ಆಕೆಯನ್ನು ಹಾನಗಲ್ಲಿನ ಕದಂಬರ ಮನೆಗೆ ಕೊಟ್ಟಿದ್ದರು, ಮಗ ತೋಯಿಮದೇವ. ಇದು ನಮಗೆ ಹೆಂಗ ಗೊತ್ತು? ಕಲ್ಲಿನ ಮೇಲೆ ಬರೆದಿದ್ದಾರೆ. ಸಾವಿರ ವರ್ಷದ ಹಿಂದಿನ ಅರಸಿಯ ಸಂಬಂಧ ಗೊತ್ತೈತಿ, ಅರವತ್ತು ವರ್ಷದ ಹಿಂದಿನ ನಮ್ಮ ಅಜ್ಜಿಯದು ಗೊತ್ತಿಲ್ಲ. ಯಾರ ಮದುವೆ ಬರೆದಿಡಬೇಕು ಅನ್ನೋದನ್ನು ಯಾವ ಕಾಲದಲ್ಲೂ ಅಧಿಕಾರ ಇದ್ದವರೇ ಠರಾಯಿಸಿದ್ದು.

ಸಾಮಾನ್ಯರ ಮದುವೆ ಸರ್ಕಾರದ ಕಣ್ಣಿಗೆ ಬಿದ್ದದ್ದು ತೆರಿಗೆಯಾಗಿ. ವಿಜಯನಗರ ಕಾಲದ ಶಾಸನಗಳಲ್ಲಿ "ಮದುವೆ ಸುಂಕ" ಬರುತ್ತದೆ. ಬಹಳ ಸಲ ಅದನ್ನು ಮನ್ನಾ ಮಾಡಿದ ಸುದ್ದಿಯಾಗಿ ಬರುತ್ತದೆ. ಮರಾಠರ ಆಡಳಿತದಲ್ಲಿ ಲಗ್ನಕ್ಕೆ "ಲಗ್ನ ಟಕ್ಕಾ", ವಿಧವೆಯ ಮರುಮದುವೆಗೆ "ಪಾಟದಾಮ" ಎಂಬ ಪಟ್ಟಿಗಳಿದ್ದವು. ಗಂಡ ಹೆಂಡಿರ ಹೆಸರಲ್ಲ, ಬಂದ ರೊಕ್ಕದ ಲೆಕ್ಕ.

ಹೆಸರು ಹಿಡಿದಿಟ್ಟವರು ಬೇರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸಿಕೊಂಡು ಬರೋ ಹೆಳವರನ್ನು ನೋಡಿದ್ದೀರಲ್ಲ? ಬಾಗಿಲಲ್ಲಿ ನಿಂತು ನಿಮ್ಮ ಮುತ್ತಜ್ಜನ ಮುತ್ತಜ್ಜನಿಂದ ಹಿಡಿದು ಹೆಸರು ಓದುತ್ತಾರೆ: ಮೂಲ ಊರು ಯಾವುದು, ಯಾರು ಎಲ್ಲಿಂದ ಬಂದು ಇಲ್ಲಿ ನಿಂತರು, ಯಾರಿಗೆ ಎಷ್ಟು ಮಕ್ಕಳು. ಹೊಸ ಮದುವೆ, ಹೊಸ ಕೂಸು ಇದ್ದರೆ ಕೇಳಿ ಬರ್ಕೊಳ್ತಾರೆ, ಕಾಳು ಕಡಿ ತಗೊಂಡು ಹೋಗ್ತಾರೆ. ಬೆಳಗಾವಿ, ಧಾರವಾಡ, ಗದಗ, ವಿಜಯಪುರ ಕಡೆ ಮನೆತನಗಳನ್ನು ಇವರು ತಮ್ಮೊಳಗೇ ಹಂಚಿಕೊಂಡಿರುತ್ತಾರೆ. ಒಂದು ಮನೆತನಕ್ಕೆ ಒಂದೇ ಹೆಳವರ ಮನೆ. ನನ್ನ ಪ್ರಕಾರ ನಮ್ಮ ಸೀಮೆಯ ಅತಿ ಹಳೆಯ ಕುಟುಂಬ ರಜಿಸ್ಟ್ರಾರ್ ಇವರೇ. ಸರ್ಕಾರದ ಸೀಲು ಇಲ್ಲ ಅಷ್ಟೇ.

ಒಂದು ಕೊರತೆ ಮಾತ್ರ ಹೇಳಲೇಬೇಕು. ವಂಶಾವಳಿ ಹರಿಯೋದು ಗಂಡಿನ ದಾರಿ ಹಿಡಿದು. ಸೊಸೆಯಾಗಿ ಬಂದವಳ ಹೆಸರು ಬಂದರೆ ಬಂತು. ಹೊರಗೆ ಕೊಟ್ಟ ಮಗಳು ಆ ಪುಸ್ತಕದಿಂದ ಸರಿದು ಬಿಡ್ತಾಳೆ.

4/9

"ಕಾಗದ ತೋರಿಸ್ರಿ" ಅನ್ನೋ ಮಾತು ನಮ್ಮ ನೆಲದಲ್ಲಿ ಜೋರಾಗಿ ಕೇಳಿದ್ದು ಕಂಪನಿ ಸರ್ಕಾರದ ಇನಾಂ ಕಮಿಷನ್ ಕಾಲದಲ್ಲಿ, 1840ರ ದಶಕದಿಂದ. 1852ರಲ್ಲಿ ಅದಕ್ಕೊಂದು ಕಾಯ್ದೆಯೂ ಬಂತು. ಇನಾಂ ಭೂಮಿ ಉಣ್ಣೋರು ಸನದು ತೋರಿಸಬೇಕು, ವಂಶ ತೋರಿಸಬೇಕು. ತೋರಿಸಲು ಆಗದವರದು ಹೋಯಿತು. ತಲೆಮಾರುಗಳಿಂದ ಬಾಯಿಮಾತಿನಲ್ಲಿ ನಡೆದುಬಂದ ಹಕ್ಕು ಒಂದೇ ಸಲಕ್ಕೆ ಅನುಮಾನದ ವಸ್ತುವಾಯಿತು.

ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯ ಕಥೆ ಶಾಲೆಯಲ್ಲಿ ಓದಿದ್ದೀರಿ: 1858ರ ಮೇ ಕೊನೆಗೆ ಸುರೇಬಾನದಲ್ಲಿ ಮ್ಯಾನ್ಸನ್ ಕೊಲೆ, ಜೂನ್‌ನಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಸಿಟ್ಟಿನ ಬೇರು ನೋಡಿ. ಆತನಿಗೆ ಮಗ ಇರಲಿಲ್ಲ, ದತ್ತು ತಗೊಳ್ಳೋಕೆ ಕಂಪನಿ ಒಪ್ಪಲಿಲ್ಲ. ಮನೆಯೊಳಗಿನ ಒಂದು ಸಂಬಂಧಕ್ಕೆ ಸರ್ಕಾರದ ಒಪ್ಪಿಗೆ ಬೇಕು ಅನ್ನೋದು ಎಂಥಾ ದೊಡ್ಡ ಬದಲಾವಣೆ ಅಂತ ಅಲ್ಲಿ ಗೊತ್ತಾಗುತ್ತದೆ. ರಾಜನ ದತ್ತು ಮಗನಿಗೆ ಆದದ್ದೇ ಇವತ್ತು ಸಣ್ಣ ಪ್ರಮಾಣದಲ್ಲಿ ಒಬ್ಬ ವಿಧವೆಗೆ ಆಗ್ತದ: ಊರಿಗೆ ಗೊತ್ತೈತಿ, ಕಚೇರಿಗೆ ಗೊತ್ತಿಲ್ಲ.

ಮುಂದೆ 1903ರ ಮುಂಬೈ ಕಾಯ್ದೆಯಿಂದ ಹೊಲದ ಹಕ್ಕುದಾಖಲೆ ಶುರುವಾಯಿತು. ನಾವು ಇವತ್ತಿಗೂ ಪಹಣಿಗೆ "ಉತಾರ" ಅಂತೀವಿ, ಅದು ಆ ಕಾಲದ ಉಳಿಕೆ. ಉತಾರದಲ್ಲಿ, ಹಳೇ ಖರೀದಿ ಪತ್ರದಲ್ಲಿ ಹೆಣ್ಣಿನ ಹೆಸರು ಬಂದಾಗ ಮಧ್ಯೆ ಒಂದು ಸಣ್ಣ ಶಬ್ದ ಇರುತ್ತದೆ: "ಕೋಂ". ಇಂಥವಳು ಕೋಂ ಇಂಥವನು, ಅಂದರೆ ಇಂಥವನ ಹೆಂಡತಿ. ಮದುವೆ ನೋಂದಣಿಯೇ ಇಲ್ಲದ ಕಾಲದಲ್ಲಿ ಎಷ್ಟೋ ಹೆಣ್ಣುಮಕ್ಕಳ ಮದುವೆಗೆ ಸರ್ಕಾರಿ ಸಾಕ್ಷಿ ಅಂದರೆ ಈ ಒಂದು ಶಬ್ದ. ಮನೆಯಲ್ಲಿ ಹಳೇ ಟ್ರಂಕು ಇದ್ದರೆ ತೆಗೆದು ನೋಡ್ರಿ, "ಕೋಂ" ಎಲ್ಲೈತಿ ಅಂತ.

5/9

ಈಗ ಕಾನೂನು. ಬೋರ್ ಆಗ್ತದ ಅಂತ ಜಿಗೀಬ್ಯಾಡ್ರಿ, ಕಥೆ ಇಲ್ಲೇ ಐತಿ.

ಶಾರದಾ ಕಾಯ್ದೆ ಅಂತ ಹೆಸರಾದ ಬಾಲ್ಯವಿವಾಹ ತಡೆ ಕಾಯ್ದೆ ಪಾಸಾದದ್ದು 1929ರಲ್ಲಿ, ಜಾರಿಯಾದದ್ದು 1930ರ ಏಪ್ರಿಲ್ 1ಕ್ಕೆ. ಹುಡುಗಿಗೆ 14, ಹುಡುಗನಿಗೆ 18. (ಮೈಸೂರು ಸಂಸ್ಥಾನ ಬಹಳ ಮೊದಲೇ, 1894ರಲ್ಲಿ, ಎಂಟು ವರ್ಷದೊಳಗಿನ ಹುಡುಗಿಯರ ಮದುವೆ ನಿಲ್ಲಿಸಿತ್ತು. ಎಂಟು! ಅದೇ ಆಗ ದೊಡ್ಡ ಸುಧಾರಣೆ.) ಕಾಯ್ದೆ ಪಾಸಾಗೋದಕ್ಕೂ ಜಾರಿಯಾಗೋದಕ್ಕೂ ನಡುವೆ ಸಿಕ್ಕ ಆರು ತಿಂಗಳಲ್ಲಿ ದೇಶದ ತುಂಬ ಮಕ್ಕಳ ಮದುವೆಗಳನ್ನು ಗಡಿಬಿಡಿಯಲ್ಲಿ ಮುಗಿಸಿದರು, 1931ರ ಜನಗಣತಿಯಲ್ಲಿ ಬಾಲವಧುಗಳ ಸಂಖ್ಯೆ ಏರಿದ್ದು ಕಾಣಿಸಿತು. ಇನ್ನೊಂದು ವಿಷಯ: ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ. ರೋಣಕ್ಕೆ ಅನ್ವಯ, ಕುಷ್ಟಗಿಗೆ ಇಲ್ಲ. ನರಗುಂದಕ್ಕೆ ಅನ್ವಯ, ರಾಮದುರ್ಗಕ್ಕೆ ಇಲ್ಲ.

ದಾಖಲೆ ಹುಡುಕೋರಿಗೆ ಇದು ಯಾಕೆ ಮುಖ್ಯ? ವಯಸ್ಸು ಕಡಿಮೆ ಇದ್ದ ಮದುವೆಯನ್ನು ಯಾರು ಬರೆದಿಡ್ತಾರ? ಬರೆದರೆ ತಪ್ಪು ಒಪ್ಪಿಕೊಂಡಂಗ. 1949ರಲ್ಲಿ ಹುಡುಗಿಯ ವಯಸ್ಸು 15 ಆಯಿತು, 1978ರಲ್ಲಿ 18 ಮತ್ತು 21. ನಮ್ಮ ಅಜ್ಜಿಯರ, ಎಷ್ಟೋ ಸಲ ಅವ್ವಂದಿರ ಮದುವೆಯೂ ಈ ಗೆರೆಗಳ ಆಚೀಚೆ. ದಾಖಲೆ ಇಲ್ಲದಿರೋದಕ್ಕೆ ಮರೆವು ಒಂದೇ ಕಾರಣ ಅಲ್ಲ, ಹೆದರಿಕೆಯೂ ಕಾರಣ. ಇವತ್ತು ಕರ್ನಾಟಕದಲ್ಲಿ 2016ರ ತಿದ್ದುಪಡಿಯಿಂದ ಬಾಲ್ಯವಿವಾಹ ಮೂಲದಿಂದಲೇ ಅಸಿಂಧು. ಒಳ್ಳೇ ಕಾನೂನೇ. ಆದರೆ ಅಂಥ ಮದುವೆಯಾದ ಹುಡುಗಿ ನಾಳೆ ಯಾವ ಪುಸ್ತಕದಲ್ಲೂ ಕಾಣೋದಿಲ್ಲ, ಅದನ್ನೂ ನೆನಪಿಡಬೇಕು.

ಮದುವೆ ನೋಂದಣಿಗೆ ಅಂತಲೇ ಮುಂಬೈ ರಾಜ್ಯ 1953ರಲ್ಲಿ ಒಂದು ಕಾಯ್ದೆ ಮಾಡಿತು. ಎರಡು ವರ್ಷ ಬಿಟ್ಟು, 1955ರಲ್ಲಿ, ಹಿಂದೂ ವಿವಾಹ ಕಾಯ್ದೆ ಬಂತು. ಅದರ 8ನೇ ಕಲಮಿನಲ್ಲಿ ನೋಂದಣಿಯ ಮಾತೈತಿ, ಜೊತೆಗೇ ಒಂದು ಸಾಲು: ನೋಂದಾಯಿಸದಿದ್ದರೂ ಮದುವೆಯ ಸಿಂಧುತ್ವಕ್ಕೆ ಧಕ್ಕೆ ಇಲ್ಲ. ಜನ ಹಿಡಿದದ್ದು ಆ ಸಾಲನ್ನು. ಅಯ್ಯನೋರು ಬಂದರು, ಅಕ್ಕಿಕಾಳು ಬಿತ್ತು, ಊರು ಉಂಡಿತು, ಇನ್ನೇನು ಬೇಕು?

ಕರ್ನಾಟಕದ್ದೇ ಕಾಯ್ದೆಯ ಹೆಸರಿನಲ್ಲಿ 1976 ಅಂತೈತಿ, ಕಾಯ್ದೆ ಪುಸ್ತಕದಲ್ಲಿ ಅದರ ನಂಬರು 1984ರ 2. ಎಂಟು ವರ್ಷ ಎಲ್ಲಿ ಹೋಗಿತ್ತೋ! ಕೊನೆಗೆ 2006ರ ಫೆಬ್ರವರಿ 14ರಂದು, ಹೌದು ಅದೇ ದಿನ, ಸುಪ್ರೀಂ ಕೋರ್ಟ್ ಸೀಮಾ ಮತ್ತು ಅಶ್ವನಿ ಕುಮಾರ್ ಪ್ರಕರಣದಲ್ಲಿ ಎಲ್ಲ ಧರ್ಮದವರ ಮದುವೆ ನೋಂದಣಿ ಕಡ್ಡಾಯ ಮಾಡಬೇಕು ಅಂತ ರಾಜ್ಯಗಳಿಗೆ ಹೇಳಿತು. ಇಂಗ್ಲೆಂಡಿನಲ್ಲಿ ಸರ್ಕಾರಿ ಮದುವೆ ನೋಂದಣಿ ಶುರುವಾದದ್ದು 1837ರಲ್ಲಿ. ನಮ್ಮನ್ನು ಆಳಿದವರು ತಮ್ಮ ಊರಲ್ಲಿ ಹೆಸರು ಬರೆದಿಟ್ಟರು, ನಮ್ಮ ಊರಲ್ಲಿ ಹೊಲದ ಸರ್ವೆ ನಂಬರು ಬರೆದಿಟ್ಟರು.

6/9

ಈ ಭಾಗ ನಿಧಾನ ಓದ್ರಿ.

ನಮ್ಮ ಕಡೆ ಮೊದಲ ಮದುವೆಗೆ "ಲಗ್ನ" ಅಂತೀವಿ. ಗಂಡ ಸತ್ತವಳು, ಗಂಡ ಬಿಟ್ಟವಳು ಮತ್ತೆ ಮದುವೆಯಾದರೆ ಅದು "ಉಡಿಕಿ". ಹೊಸ ಗಂಡ ಸೀರೆ ತಂದು ಉಡಿಸ್ತಾನ, ನಾಲ್ಕು ಮಂದಿ ಹಿರಿಯರು ಇರ್ತಾರ, ಬಹಳ ಸಲ ರಾತ್ರಿ ಹೊತ್ತು, ಬಾಜಾ ಬಜಂತ್ರಿ ಇಲ್ಲ. ಮುತ್ತೈದೆಯರು ಆ ಕಡೆ ಸುಳಿಯೋದಿಲ್ಲ. ಮೇಲ್ಜಾತಿಗಳಲ್ಲಿ ವಿಧವೆಯರಿಗೆ ಮರುಮದುವೆ ಇಲ್ಲದ ಕಾಲದಲ್ಲೂ ನಮ್ಮ ರೈತ, ಕುಶಲಕರ್ಮಿ ಜಾತಿಗಳಲ್ಲಿ ಉಡಿಕಿ ಇತ್ತು. ಕಂಪನಿ ಸರ್ಕಾರ 1856ರಲ್ಲಿ ವಿಧವಾ ವಿವಾಹ ಕಾಯ್ದೆ ಮಾಡೋಕಿಂತ ಬಹಳ ಮೊದಲಿನಿಂದ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ತೀವಿ, ಹೇಳಬೇಕಾದ್ದೇ. ಆದರೆ ಲಗ್ನಪತ್ರಿಕೆ ಇಲ್ಲ, ಫೋಟೋ ಇಲ್ಲ, ನೋಡಿದ ಮಂದಿ ಕಡಿಮೆ. ಸಾಕ್ಷಿಗಳು ಒಬ್ಬೊಬ್ಬರಾಗಿ ತೀರಿಕೊಂಡ ಮೇಲೆ ಗಂಡನ ಕಡೆಯವರು "ಇಟ್ಟುಕೊಂಡಿದ್ದ" ಅಂದುಬಿಟ್ರ ಆಕೆ ಏನು ತೋರಿಸಬೇಕು? ಮೊದಲ ಗಂಡನಿಂದ ಬಿಡುಗಡೆಗೆ ಪಂಚರ ಮುಂದೆ ಬರೆಸಿದ "ಸೋಡಚೀಟಿ" ಇರಬಹುದು. ಸಂಪ್ರದಾಯದ ವಿಚ್ಛೇದನವನ್ನು 1955ರ ಕಾಯ್ದೆಯ 29ನೇ ಕಲಂ ಉಳಿಸಿಕೊಂಡಿದೆ. ಆದ್ದರಿಂದ ಆ ಹಳದಿಯಾದ ಸ್ಟಾಂಪ್ ಪೇಪರನ್ನು ರದ್ದಿಗೆ ಹಾಕಬ್ಯಾಡ್ರಿ.

ಇನ್ನೊಂದು ಕಡೆ, ಎರಡನೇ ಮದುವೆ ಮಾಡಿಕೊಂಡ ಗಂಡಸಿಗೆ ದಾಖಲೆ ಇಲ್ಲದಿರೋದೇ ಅನುಕೂಲ. ಮುಂಬೈ ಪ್ರಾಂತದಲ್ಲಿ ಹಿಂದೂ ದ್ವಿಪತ್ನಿತ್ವ ತಡೆ ಕಾಯ್ದೆ 1946ರಲ್ಲೇ ಬಂದಿತ್ತು. 1955ರ ನಂತರ ಇಡೀ ದೇಶದಲ್ಲಿ ಹಿಂದೂಗಳಿಗೆ ಒಂದೇ ಹೆಂಡತಿ. 1965ರಲ್ಲಿ ಭಾವುರಾವ್ ಲೋಖಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನು ಗೊತ್ತೇ? ಎರಡನೇ ಮದುವೆಯ ವಿಧಿಗಳು ಸರಿಯಾಗಿ ನಡೆದವು ಅಂತ ಸಾಬೀತಾಗದಿದ್ದರೆ ಅದು ಮದುವೆಯೇ ಅಲ್ಲ, ಹಂಗಾಗಿ ದ್ವಿಪತ್ನಿತ್ವದ ಅಪರಾಧವೂ ಇಲ್ಲ. ಮೊದಲನೆಯವಳ ದೂರು ಬಿದ್ದುಹೋಯಿತು. ಎರಡನೆಯವಳಿಗೆ ಹೆಂಡತಿ ಅನ್ನೋ ಹೆಸರೂ ಉಳಿಯಲಿಲ್ಲ. ಇಬ್ಬರು ಹೆಂಗಸರಿಗೂ ಸೋಲು, ನಡುವೆ ಒಬ್ಬ ಪಾರಾದ.

ಮತ್ತೆ ಯಾವ ಪುಸ್ತಕದಲ್ಲೂ ಗಂಡನ ಹೆಸರೇ ಇಲ್ಲದ ಹೆಣ್ಣುಮಕ್ಕಳು. ನರಗುಂದದಿಂದ ಸವದತ್ತಿ ದೂರ ಅಲ್ಲ. ಮುತ್ತು ಕಟ್ಟಿ ದೇವರಿಗೆ ಬಿಟ್ಟವರು ಮದುವೆಯಾಗುವಂತಿರಲಿಲ್ಲ. ಮುಂಬೈ ಸರ್ಕಾರದ 1934ರ ಕಾಯ್ದೆ ಅವರೂ ಮದುವೆಯಾಗಬಹುದು, ಆ ಮದುವೆ ಸಿಂಧು ಅಂತ ಹೇಳಿತು. ಕರ್ನಾಟಕ 1982ರಲ್ಲಿ ಮುತ್ತು ಕಟ್ಟೋದನ್ನೇ ನಿಷೇಧಿಸಿತು. ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ "ತಂದೆಯ ಹೆಸರು" ಅನ್ನೋ ಖಾಲಿ ಜಾಗದ ಮುಂದೆ ಪೆನ್ನು ಹಿಡಿದು ಕೂತದ್ದು ಯಾವ ಗೆಜೆಟಿಯರ್‌ನಲ್ಲೂ ಬಂದಿಲ್ಲ.

ಇನ್ನೊಂದು. ನಮ್ಮ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳೋದಿಲ್ಲ, ಒಡಪಿನಾಗ ಸುತ್ತಿ ಹೇಳ್ತಾರ. ಮದುವೆಮನೆಯಲ್ಲಿ ಚೆಂದ, ಕಚೇರಿಯಲ್ಲಿ ಕಷ್ಟ. ಉತ್ತರದ ಕೆಲವು ರಾಜ್ಯಗಳಲ್ಲಿ ಇದರ ಉಲ್ಟಾ ಆಯಿತು: ಮೊದಲ ಸಾರ್ವತ್ರಿಕ ಚುನಾವಣೆಯ ಪಟ್ಟಿ ಮಾಡುವಾಗ ಹೆಂಗಸರು ತಮ್ಮ ಸ್ವಂತ ಹೆಸರು ಹೇಳದೆ "ಇಂಥವರ ಹೆಂಡತಿ" ಅಂತಷ್ಟೇ ಬರೆಸಿದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ, ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು.

7/9

ಇದು ಚಿಕ್ಕ ಭಾಗ. ಎಲ್ಲರ ಮದುವೆಯೂ ಒಂದೇ ಪುಸ್ತಕಕ್ಕೆ ಹೋಗೋದಿಲ್ಲ.

ಕ್ರೈಸ್ತ ಮನೆಗಳ ದಾಖಲೆ ನಮ್ಮಲ್ಲಿ ಅತಿ ಅಚ್ಚುಕಟ್ಟು. ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837, ಹುಬ್ಬಳ್ಳಿಗೆ 1839, ಬೆಟಗೇರಿಗೆ 1841. ಸಭೆಯ ಪುಸ್ತಕದಲ್ಲಿ ದೀಕ್ಷಾಸ್ನಾನ, ಮದುವೆ, ಮರಣ ಎಲ್ಲ ಬರೀತಿದ್ದರು. 1872ರ ಕ್ರೈಸ್ತ ವಿವಾಹ ಕಾಯ್ದೆ ಬಂದ ಮೇಲೆ ಸರ್ಕಾರಕ್ಕೂ ಅದರ ನಕಲು ಹೋಗಬೇಕಾಯಿತು. ಅಂದರೆ ಚರ್ಚಿನಲ್ಲಿ ಸಿಗದಿದ್ದರೆ ಇನ್ನೊಂದು ಬಾಗಿಲು ಐತಿ.

ಮುಸ್ಲಿಂ ಮನೆಗಳಲ್ಲಿ ನಿಕಾಹ್‌ನಾಮಾ. ಖಾಜಿ ಬರೆದ ದಫ್ತರ, ಜಮಾತಿನ ಪುಸ್ತಕ, ಮೆಹರ್ ಎಷ್ಟು ಅಂತ ಸುದ್ದಾ ಅದರಲ್ಲಿ. ಹೆಂಡತಿಗೆ ಬರಬೇಕಾದ ದುಡ್ಡನ್ನು ಮದುವೆ ಕಾಗದದಲ್ಲೇ ಬರೆಯೋ ಪದ್ಧತಿ ನಮ್ಮೆಲ್ಲರಿಗಿಂತ ಜಾಣತನದ್ದು ಅಂತ ನನಗನ್ನಿಸ್ತದ. 2023ರಲ್ಲಿ ರಾಜ್ಯ ಸರ್ಕಾರ ಜಿಲ್ಲಾ ವಕ್ಫ್ ಅಧಿಕಾರಿಗಳಿಗೆ ಮದುವೆ ಪ್ರಮಾಣಪತ್ರ ಕೊಡೋ ಅಧಿಕಾರ ಕೊಟ್ಟಿತ್ತು. 2024ರ ನವೆಂಬರಿನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಗಜೇಂದ್ರಗಡ, ರೋಣದ ತಾಂಡಾಗಳಲ್ಲಿ ನಾಯಕ, ಡಾವ, ಕಾರಭಾರಿ ಕೂತು ಒಪ್ಪಿದರೆ ಮದುವೆ. ಅಲ್ಲಿ ಪುಸ್ತಕ ಹುಡುಕೋದಲ್ಲ, ಹಿರಿಯರನ್ನು ಹುಡುಕಬೇಕು. ಅವರು ಇರೋವಾಗಲೇ.

8/9

ಈಗ ಹುಡುಕೋಣ. ಇಷ್ಟೊತ್ತು ಕಾದದ್ದಕ್ಕೆ ಥ್ಯಾಂಕ್ಸ್.

ಮೊದಲು ವರ್ಷ ಹಿಡೀರಿ. ನೆನಪನ್ನು ಇಸವಿಗೆ ತಿರುಗಿಸೋದು ನಿಜವಾದ ಇತಿಹಾಸಕಾರರ ಕೆಲಸ. "ಗಾಂಧಿ ಸತ್ತ ವರ್ಷ" ಅಂದ್ರ 1948. "ದೊಡ್ಡ ಬರ" ಅಂದ್ರ ನಮ್ಮ ಕಡೆ ಬಹಳ ಸಲ 1972ರದು. "ನರಗುಂದದಾಗ ಗೋಲಿಬಾರ್ ಆದ ವರ್ಷ", ರೈತರ ಬಂಡಾಯ, 1980ರ ಜುಲೈ. "ಇಂದಿರಮ್ಮ ಹೋದ ವರ್ಷ" 1984. ಹಳೇ ಲಗ್ನಪತ್ರಿಕೆ ಸಿಕ್ಕರೆ ಶಾಲಿವಾಹನ ಶಕೆ ಇರುತ್ತದೆ, ಅದಕ್ಕೆ 78 ಕೂಡಿಸಿರಿ. ಬರೀ ಸಂವತ್ಸರದ ಹೆಸರು ಇದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ ಅನ್ನೋದು ಗಮನದಲ್ಲಿರಲಿ: ವಿಕೃತಿ ಅಂದರೆ 1950-51, ಅಥವಾ 2010-11. ಅಜ್ಜಿಯ ಮದುವೆ ಯಾವುದು ಅಂತ ನೀವೇ ಹೇಳಬಲ್ಲಿರಿ.

ಆಮೇಲೆ ಹೆಸರು. ಮದುವೆಯಾದ ಮೇಲೆ ಕೆಲವು ಮನೆಗಳಲ್ಲಿ ಹುಡುಗಿಯ ಹೆಸರನ್ನೇ ಬದಲಿಸುತ್ತಾರೆ. ತವರಿನ ಹೆಸರು, ತವರಿನ ಅಡ್ಡಹೆಸರು, ಗಂಡನ ಮನೆಯ ಹೆಸರು, ಮೂರನ್ನೂ ಬರ್ಕೊಳ್ರಿ. ಗಂಗವ್ವ, ಗಂಗಮ್ಮ, ಗಂಗಾಬಾಯಿ ಒಬ್ಬಳೇ ಇರಬಹುದು.

ಹಿಂದೂ ಮದುವೆ ನೋಂದಣಿಯ ಪುಸ್ತಕ ಇರೋದು ಉಪನೋಂದಣಾಧಿಕಾರಿ ಕಚೇರಿಯಲ್ಲಿ, ಅಂದರೆ ಜನ ಹೊಲ ಖರೀದಿಗೆ ಹೋಗೋ ಸಬ್ ರಜಿಸ್ಟ್ರಾರ್ ಆಫೀಸು. ಗಜೇಂದ್ರಗಡ ಕಡೆಯ ಹಳೇ ಮದುವೆಗೆ ಮೊದಲು ರೋಣದಲ್ಲಿ ಕೇಳಿರಿ. ಒಂದು ಸೂಕ್ಷ್ಮ ಐತಿ: ಪುಸ್ತಕ ಸಾಗೋದು ನೋಂದಣಿಯಾದ ದಿನದ ಪ್ರಕಾರ, ಮದುವೆಯ ದಿನದ ಪ್ರಕಾರ ಅಲ್ಲ. 1975ರಲ್ಲಿ ಮದುವೆಯಾದವರು 1998ರಲ್ಲಿ ನೋಂದಾಯಿಸಿರಬಹುದು. ಹಾಗಾದರೆ ಅವರಿಗೆ ಆ ಕಾಗದ ಯಾವಾಗ ಬೇಕಾಗಿತ್ತು ಅಂತ ಯೋಚಿಸಿರಿ. ಪಾಸ್‌ಪೋರ್ಟ್ ಮಾಡಿಸಿದಾಗ? ಅಜ್ಜ ಹುಬ್ಬಳ್ಳಿ ರೈಲ್ವೆಗೆ ಸೇರಿದಾಗ? ಮಿಲಿಟರಿಯಿಂದ ನಿವೃತ್ತಿಯಾದಾಗ? ಬೇಕಾದ ಹೊತ್ತಿನ ಸುತ್ತಮುತ್ತ ನೋಂದಣಿ ಇರುತ್ತದೆ. ಸರ್ಕಾರಿ ನೌಕರಿ ಇದ್ದವರಾದರೆ ಸರ್ವಿಸ್ ಬುಕ್ಕಿನ ನಾಮಿನಿ ಪುಟ, ಪಿಂಚಣಿ ಕಾಗದದ ಜೋಡಿ ಫೋಟೋ ಇವೂ ಗಟ್ಟಿ ಸಾಕ್ಷಿ.

ಅರ್ಜಿಯಲ್ಲಿ ಇಬ್ಬರ ಹೆಸರು, ಊರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಹುಡುಕಬೇಕು, ನೀವು ಯಾರು, ಯಾಕೆ ಬೇಕು ಅಂತ ಬರೆದು, ಶುಲ್ಕ ಕಟ್ಟಿ, ರಸೀದಿ ಕೇಳಿ ತಗೊಳ್ರಿ. ಬೇಕಾದದ್ದು ಬರೀ ಝೆರಾಕ್ಸ್ ಅಲ್ಲ, ದೃಢೀಕೃತ ನಕಲು. ಇವತ್ತಿನ ಹೊಸ ಜೋಡಿಗಳಿಗೆ 2024ರ ಫೆಬ್ರವರಿಯಿಂದ ಕಾವೇರಿ 2.0ರಲ್ಲಿ ಹಿಂದೂ ಮದುವೆ ನೋಂದಣಿ ಆನ್‌ಲೈನ್ ಆಗೈತಿ. ನಿಮ್ಮ ಅಕ್ಕನ ಮದುವೆ ಈ ವರ್ಷ ಇದ್ದರೆ ಊಟದ ಮೆನುವಿನ ಜೊತೆ ಇದನ್ನೂ ಪಟ್ಟಿಗೆ ಹಾಕ್ರಿ.

ಅಲ್ಲಿ ಸಿಗದಿದ್ದರೆ ಸುತ್ತು ದಾರಿ. ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮಾವನ ಕಾಲದ ವಾರಸಾ, ಹಳೇ ಉತಾರ. ಹಳೇ ಮತದಾರರ ಪಟ್ಟಿ, ಅದರಲ್ಲಿ ಗಂಡನ ಹೆಸರಿನ ಕಾಲಂ ಐತಿ. ರೇಷನ್ ಕಾರ್ಡು. 2023ರಲ್ಲಿ ಗೃಹಲಕ್ಷ್ಮಿ ಬಂದಾಗ ಮನೆಯ ಯಜಮಾನಿ ಯಾರು ಅಂತ ರೇಷನ್ ಕಾರ್ಡು ನೋಡಿಯೇ ಠರಾಯಿಸಿದ್ದು, ಆ ಸಾಲುಗಳಲ್ಲಿ ನೀವೂ ನಿಂತಿರಬೇಕು. ಒಂದೊಂದೇ ನೋಡಿದರೆ ಇವು ಮದುವೆ ದಾಖಲೆ ಅಲ್ಲ. ನಾಲ್ಕು ಕೂಡಿದರೆ ನ್ಯಾಯಾಲಯವೂ ತಿರುಗಿ ನೋಡ್ತದ.

ಮತ್ತೆ ಉಲ್ಟಾ ಕೂಡ ನಿಜ: ಪ್ರಮಾಣಪತ್ರ ಒಂದೇ ಇದ್ದು ಮದುವೆಯೇ ಆಗಿಲ್ಲ ಅಂದರೆ ನಡೆಯೋದಿಲ್ಲ. 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಹಾಗೇ ಹೇಳಿದೆ; ವಿಧಿಗಳು ನಡೆಯದೆ ಬರೀ ನೋಂದಣಿಯಿಂದ ಹಿಂದೂ ಮದುವೆ ಆಗೋದಿಲ್ಲ. ವೀಸಾಕ್ಕೆ ಅಂತ ಮೊದಲೇ ಕಾಗದ ಮಾಡಿಸಿ ಇಡೋರು ಗಮನಿಸಿ.

9/9

ಹಾಗಾದರೆ ಯಾರು ಬೇಕಾದರೂ ಯಾರ ಮದುವೆ ಪುಸ್ತಕ ಬೇಕಾದರೂ ನೋಡಬಹುದಾ?

ಕಾಯ್ದೆಯ ಮಾತು ನೋಡಿದರೆ ಹೌದು. 1955ರ ಕಾಯ್ದೆಯ ಪ್ರಕಾರ ಹಿಂದೂ ವಿವಾಹ ರಜಿಸ್ಟರ್ ಯೋಗ್ಯ ಸಮಯದಲ್ಲಿ ಪರಿಶೀಲನೆಗೆ ತೆರೆದಿರಬೇಕು, ಶುಲ್ಕ ಕೊಟ್ಟು ಕೇಳಿದರೆ ದೃಢೀಕೃತ ಪ್ರತಿ ಕೊಡಬೇಕು. 1954ರ ವಿಶೇಷ ವಿವಾಹ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ: ಮದುವೆಗೆ ಮೊದಲು ಕೊಟ್ಟ ನೋಟಿಸನ್ನು ಕಚೇರಿಯಲ್ಲಿ ಎದ್ದು ಕಾಣುವಂತೆ ಅಂಟಿಸಬೇಕು, ಆ ಪುಸ್ತಕವನ್ನು ಯಾರಾದರೂ ಫೀ ಇಲ್ಲದೆ ನೋಡಬಹುದು, ಮೂವತ್ತು ದಿನ ಆಕ್ಷೇಪಣೆಗೆ. ಕದ್ದು ಎರಡನೇ ಮದುವೆ ಮಾಡಿಕೊಳ್ಳೋರನ್ನು ಹಿಡಿಯೋಕೆ ಅಂತ ಈ ತೆರೆದ ಬಾಗಿಲು. ಗಂಡ ಊರು ಬಿಟ್ಟು ಹೋದವಳಿಗೆ, ಪಿಂಚಣಿಗೆ ಇನ್ನೊಬ್ಬಳು ಬಂದು ನಿಂತಾಗ ಮೊದಲನೆಯವಳಿಗೆ, ಇದು ಬಹಳ ದೊಡ್ಡ ಆಸರೆ.

ಆದರೆ ಅದೇ ಬಾಗಿಲಿನಿಂದ ಬೇರೆಯವರೂ ಒಳಗೆ ಬರ್ತಾರ. ನಮ್ಮದು ಸಣ್ಣ ಊರುಗಳು. ನೋಟಿಸ್ ಬೋರ್ಡಿನ ಮೇಲೆ ಹುಡುಗ ಹುಡುಗಿಯ ಹೆಸರು, ವಿಳಾಸ ಬಿದ್ದರೆ ಸಂಜೆಯೊಳಗೆ ಇಬ್ಬರ ಮನೆಗೂ ಸುದ್ದಿ. 2019ರಲ್ಲಿ ನಮ್ಮ ಗದಗ ಜಿಲ್ಲೆಯಲ್ಲೇ ಜಾತಿ ಮೀರಿ ಮದುವೆಯಾದ ಜೋಡಿಯೊಂದನ್ನು ಕೊಂದರು. 2025ರಲ್ಲಿ ಗದಗದ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ಅವರ ಹೆಸರು ಇಲ್ಲಿ ಬರೆಯೋದಿಲ್ಲ, ಕಮೆಂಟಿನಲ್ಲೂ ಬರೀಬ್ಯಾಡ್ರಿ. ಕೇರಳ 2020ರಲ್ಲಿ ಇಂಥ ನೋಟಿಸುಗಳನ್ನು ವೆಬ್‌ಸೈಟಿಗೆ ಹಾಕೋದು ನಿಲ್ಲಿಸಿತು. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್, ನೋಟಿಸ್ ಪ್ರಕಟಿಸೋದು ಬಿಡೋದು ಜೋಡಿಯ ಇಷ್ಟ ಅಂತ ಹೇಳಿತು. ನನ್ನ ಅಭಿಪ್ರಾಯ ಇಷ್ಟು: ಆಗಿಹೋದ ಮದುವೆಯ ದಾಖಲೆ ತೆರೆದಿರಲಿ, ಆಗಬೇಕಾದ ಮದುವೆಯ ವಿಳಾಸ ಮುಚ್ಚಿರಲಿ. ನೀವು ಒಪ್ಪದೆ ಇರಬಹುದು, ವಾದ ಮಾಡೋಣ.

ಅದಕ್ಕೇ ಒಂದು ವಿನಂತಿ. ಪ್ರಾಜೆಕ್ಟಿಗೆ ಅಂತ ಹುಡುಕುವಾಗ ನಿಮ್ಮ ಮನೆಯದನ್ನೇ ಹುಡುಕ್ರಿ. ಅಲ್ಲೂ ಅಜ್ಜಿಯ ಒಪ್ಪಿಗೆ ಕೇಳಿ. ಸಿಕ್ಕ ಕಾಗದದ ಫೋಟೋ ಸ್ಟೋರಿಗೆ ಹಾಕೋ ಮೊದಲು ಹೆಸರು, ನಂಬರು ಮುಚ್ರಿ.

ಎಲ್ಲೂ ಸಿಗಲಿಲ್ಲ ಅಂದ್ರ? 1978ರಲ್ಲಿ ಬದ್ರಿ ಪ್ರಸಾದ್ ಅನ್ನೋ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ಸುಮಾರು ಐವತ್ತು ವರ್ಷ ಗಂಡ ಹೆಂಡತಿಯಾಗಿ ಬಾಳಿದವರ ಮದುವೆಯನ್ನು ಪ್ರಶ್ನಿಸಿದ್ದರು. ಅರ್ಧ ಶತಮಾನದ ಹಿಂದಿನ ಪುರೋಹಿತರನ್ನೂ ಸಾಕ್ಷಿಗಳನ್ನೂ ಎಲ್ಲಿಂದ ಕರೆತರೋದು ಅನ್ನೋ ಅರ್ಥದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೇಳಿದರು. ಅಷ್ಟು ಕಾಲ ದಂಪತಿಯಾಗಿ ಬಾಳಿದರೆ ಮದುವೆಯಾಗಿದೆ ಅಂತಲೇ ಕಾನೂನು ಊಹಿಸುತ್ತದೆ, ಇಲ್ಲ ಅನ್ನೋರು ಸಾಬೀತು ಮಾಡಬೇಕು ಅಂತ ತೀರ್ಪು. ನಮ್ಮ ಉಡಿಕಿ ಅಜ್ಜಿಯರಿಗೆ, ತಾಂಡಾದ ಅಜ್ಜಿಯರಿಗೆ ಈ ತೀರ್ಪು ಗೊತ್ತಿರಬೇಕು.

ಆದ್ದರಿಂದ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ದಾಖಲೆ ಇಲ್ಲ ಅಂತ ಬಾಯಲ್ಲಿ ಹೇಳಿದರೆ ಸುಮ್ಮನೆ ಮನೆಗೆ ಬರಬ್ಯಾಡ್ರಿ. ಇಂಥ ವರ್ಷದಿಂದ ಇಂಥ ವರ್ಷದವರೆಗೆ ಹುಡುಕಿದೆವು, ಲಭ್ಯವಿಲ್ಲ ಅಂತ ಸಹಿ, ಸೀಲು ಹಾಕಿದ ಹಿಂಬರಹ ಕೇಳಿರಿ. ನಾಳೆ ವಕೀಲರ ಹತ್ತಿರ ಹೋದರೆ ಅವರು ಮೊದಲು ಕೇಳೋ ಕಾಗದ ಅದೇ. ಅಜ್ಜಿಯ ಮದುವೆ ಕಂಡ ಹಿರಿಯರು ಇಬ್ಬರಾದರೂ ಇದ್ದರೆ ಅವರ ಮಾತನ್ನು ಅಫಿಡವಿಟ್ ಮಾಡಿಸಿರಿ. ಈ ತಿಂಗಳಲ್ಲೇ.